ಹೆಪ್ಪು ಹಾಕಿದ ನೀರು

ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿ ತಂದ ಮನೆಗಳಲ್ಲೆಲ್ಲ ಈ ಕಥೆ ಒಮ್ಮೆಯಾದರೂ ನಡೆದಿರುತ್ತದೆ. ತೊಟ್ಟಿಯನ್ನು ಉಜ್ಜಿ ತೊಳೆದು, ನಲ್ಲಿ ನೀರು ತುಂಬಿ, ಕ್ಲೋರಿನ್ ಹೋಗಲೆಂದು ಎರಡು ದಿನ ಹಾಗೇ ಬಿಟ್ಟು, ಆಮೇಲೆ ನಾಲ್ಕಾರು ಮೀನು ಬಿಡುತ್ತೇವೆ. ಎರಡು ದಿನ ಮನೆಯಲ್ಲಿ ಸಂಭ್ರಮ. ನಾಲ್ಕನೆಯ ದಿನ ಒಂದು ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯತೊಡಗುತ್ತದೆ. ವಾರ ಮುಗಿಯುವಷ್ಟರಲ್ಲಿ ಒಂದೊಂದೇ ಹೊಟ್ಟೆ ಮೇಲಾಗಿ ತೇಲುತ್ತವೆ. ನೀರು ಮಾತ್ರ ಬೊಗಸೆಯಲ್ಲಿ ಎತ್ತಿ ಕುಡಿಯೋಣ ಅನ್ನಿಸುವಷ್ಟು ತಿಳಿ.

ಅದೇ ನಮ್ಮೂರಿನ ದೇವಸ್ಥಾನದ ಕಲ್ಯಾಣಿ ನೋಡಿ. ನೀರು ಹಸಿರುಗಟ್ಟಿದೆ, ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತದೆ, ಭಕ್ತರು ಎಸೆದ ಪುರಿ ಕಡಲೆ ತಳದಲ್ಲಿ ಕೊಳೆಯುತ್ತದೆ. ಅಲ್ಲಿ ಮೀನುಗಳು ತಲೆಮಾರುಗಟ್ಟಲೆ ಕೊಬ್ಬಿ ಬೆಳೆಯುತ್ತವೆ. ತಿಳಿ ನೀರಿನಲ್ಲಿ ಸಾವು, ಜಾರುವ ಕಲ್ಲಿನ ನೀರಿನಲ್ಲಿ ಬದುಕು. ಇದು ಹೇಗೆ?

ಹಿತ್ತಿಲಲ್ಲಿ ಮೀನು ಸಾಕಿ, ಅದೇ ನೀರಿನಲ್ಲಿ ಸೊಪ್ಪು ಬೆಳೆಯುವ ವಿದ್ಯೆಗೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಇಲ್ಲಿ ಅದನ್ನು ಮೀನುನೀರಿನ ಬೇಸಾಯ ಎನ್ನೋಣ. ಮೇಲಿನ ಒಗಟನ್ನು ಬಿಡಿಸಿಕೊಳ್ಳದೆ ಈ ಬೇಸಾಯಕ್ಕೆ ಕೈ ಹಾಕಿದವರಿಗೆ ಮೊದಲ ತಿಂಗಳಲ್ಲೇ ಕಣ್ಣೀರು. ನನಗೂ ಹಾಗೇ ಆಯಿತು, ಮತ್ರಾದಲ್ಲಿ.

ಮಣ್ಣಿಲ್ಲದ ಹಿತ್ತಿಲು

ಒಮಾನ್ ದೇಶದ ಮಸ್ಕತ್ತಿನ ಹಳೆಯ ಬಂದರು ಪೇಟೆ ಮತ್ರಾ. ಮುಂದೆ ಅರ್ಧಚಂದ್ರದಂತೆ ಬಾಗಿದ ಕಡಲ ತೀರ, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕಪ್ಪುಗಂದು ಬಣ್ಣದ ಕಲ್ಲು ಗುಡ್ಡ, ನಡುವೆ ಸಿಕ್ಕಷ್ಟು ಜಾಗದಲ್ಲಿ ಒತ್ತೊತ್ತಾಗಿ ಸೂಕ್ ಎಂಬ ಅಂಗಡಿಬೀದಿ, ಮಸೀದಿ, ಮನೆ. ಬೆಳಗಿನ ಜಾವ ಕಾರ್ನಿಷ್ ರಸ್ತೆಯ ತುದಿಯ ಮೀನು ಮಾರುಕಟ್ಟೆಗೆ ಹೋದರೆ ಮಂಗಳೂರಿನ ಧಕ್ಕೆ ನೆನಪಾಗದೆ ಇರದು: ಅಂಜಲ್, ಬಂಗುಡೆ, ರಾಶಿ ರಾಶಿ ಭೂತಾಯಿ. 2017ರಲ್ಲಿ ತೆರೆದ ಈಗಿನ ಕಟ್ಟಡವನ್ನು ರೂಪಿಸಿದ್ದು ನಾರ್ವೆಯ ಸ್ನೋಹೆಟ್ಟಾ ಸಂಸ್ಥೆ. ಮೀನಿಗೆ ಇಲ್ಲಿ ಬರವಿಲ್ಲ. ಬರ ಇರುವುದು ಮಣ್ಣಿಗೆ, ಸಿಹಿನೀರಿಗೆ. ಮಸ್ಕತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನದಲ್ಲಿ ಅಷ್ಟು ಸುರಿಯುವುದುಂಟು. ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿ ಮಾಡಿದ ನೀರು. ಮಸ್ಕತ್ತಿನ ಘುಬ್ರಾದಲ್ಲಿ 1976ರಿಂದಲೇ ಅಂಥ ಸ್ಥಾವರ ಇದೆ.

ಕರಾವಳಿಯ ಮನೆಯಲ್ಲಿ ಹುಟ್ಟಿದವರಿಗೆ ಬಸಳೆ ಚಪ್ಪರವಿಲ್ಲದ ಹಿತ್ತಿಲು ಹಿತ್ತಿಲೇ ಅಲ್ಲ. ಊರಿನಲ್ಲಿ ಆ ಚಪ್ಪರ ಎಲ್ಲಿರುತ್ತಿತ್ತು ನೆನಪಿಸಿಕೊಳ್ಳಿ: ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ. ಮೀನು ತೊಳೆದ ನೀರನ್ನು ಅಮ್ಮ ಚೆಲ್ಲುತ್ತಿದ್ದದ್ದೂ ಅದರ ಬುಡಕ್ಕೇ. ತೆಂಗಿನ ಬುಡಕ್ಕೆ ಮೀನುಗೊಬ್ಬರ ಹಾಕುವುದು ನಮ್ಮ ಕಡೆ ಹಳೆಯ ಪದ್ಧತಿ. ಒಮಾನಿನವರೂ ಒಣಗಿಸಿದ ಭೂತಾಯಿಯನ್ನು ದನ ಒಂಟೆಗಳಿಗೆ ಮೇವಾಗಿ, ಖರ್ಜೂರದ ಮರಕ್ಕೆ ಗೊಬ್ಬರವಾಗಿ ಬಳಸುತ್ತ ಬಂದವರು. ಮೀನಿನಲ್ಲಿ ಗಿಡಕ್ಕೆ ಬೇಕಾದದ್ದು ಇದೆ ಎನ್ನುವುದು ಅರಬ್ಬಿ ಸಮುದ್ರದ ಎರಡೂ ದಡಕ್ಕೆ ಗೊತ್ತಿತ್ತು. ಮೀನುನೀರಿನ ಬೇಸಾಯದಲ್ಲಿ ಮೀನನ್ನು ಕೊಲ್ಲದೆ, ಅದು ಬದುಕಿರುವಾಗಲೇ ಆ ಗೊಬ್ಬರ ಪಡೆಯುತ್ತೇವೆ. ತೊಟ್ಟಿಯ ನೀರನ್ನು ಪಂಪು ಜಲ್ಲಿಯ ಮಡಿಗೆ ಎತ್ತುತ್ತದೆ, ಮಡಿಯಲ್ಲಿ ಗಿಡಗಳು ಉಣ್ಣುತ್ತವೆ, ಹಗುರಾದ ನೀರು ಮತ್ತೆ ತೊಟ್ಟಿಗೆ ಬೀಳುತ್ತದೆ. ಹೊರಗೆ ಚೆಲ್ಲುವುದು ಏನೂ ಇಲ್ಲ. ಆವಿಯಾಗಿ ಹೋದದ್ದನ್ನೂ ಗಿಡ ಹೀರಿದ್ದನ್ನೂ ತುಂಬಿಸಿದರೆ ಸಾಕು. ನೀರಿಗೆ ಬೆಲೆ ಇರುವ ಊರಿಗೆ ಹೇಳಿ ಮಾಡಿಸಿದ ಪದ್ಧತಿ.

ನಾನು 300 ಲೀಟರಿನ ತೊಟ್ಟಿ ಇಟ್ಟೆ, ಪಕ್ಕದಲ್ಲಿ ತೊಳೆದ ಜಲ್ಲಿಯ ಮಡಿ, 20 ತಿಲಾಪಿಯಾ ಮರಿ, ದಿನಕ್ಕೆ 10 ಗ್ರಾಂ ತಿಂಡಿ. ಒಂಬತ್ತನೆಯ ದಿನ ಒಂದು ಮರಿಯೂ ಉಳಿದಿರಲಿಲ್ಲ. ನೀರು ಗಾಜಿನಂತೆ ತಿಳಿಯಾಗಿತ್ತು.

ಕಣ್ಣಿಗೆ ಕಾಣದ ವಿಷ

ತೊಟ್ಟಿ ಕೊಳಕಾಗುವುದು ಮೀನಿನ ಹಿಕ್ಕೆಯಿಂದ ಎಂದು ನಾವು ತಿಳಿದಿರುತ್ತೇವೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಹಾಗನ್ನಿಸುವುದು ಸಹಜ. ಆದರೆ ಮೀನಿನ ದೊಡ್ಡ ಕಸ ಹೊರಬೀಳುವುದು ಹಿಂದಿನಿಂದಲ್ಲ, ಕಿವಿರಿನಿಂದ. ತಿಂಡಿಯಲ್ಲಿರುವ ಪ್ರೋಟೀನನ್ನು ಒಡೆದು ಬಳಸಿಕೊಂಡ ಮೇಲೆ ಉಳಿಯುವ ಸಾರಜನಕವನ್ನು ಮೀನು ಅಮೋನಿಯಾ ರೂಪದಲ್ಲಿ ಪ್ರತಿ ಉಸಿರಿನ ಜೊತೆ ನೀರಿಗೆ ಬಿಡುತ್ತದೆ. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಅಡರುವ ಘಾಟು ಇದೆಯಲ್ಲ, ಅದೇ ಅಮೋನಿಯಾ. ನೀರಿನಲ್ಲಿ ಕರಗಿದಾಗ ಅದಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವ ಪ್ರಮಾಣದಲ್ಲಿ ನಮ್ಮ ಮೂಗಿಗೆ ವಾಸನೆಯೂ ಹತ್ತುವುದಿಲ್ಲ.

ಲೆಕ್ಕ ಸುಲಭ. 100 ಗ್ರಾಂ ತಿಂಡಿ ತಿಂದ ಮೀನುಗಳು ಸುಮಾರು 3 ಗ್ರಾಂ ಅಮೋನಿಯಾ ಬಿಡುತ್ತವೆ. ತೊಟ್ಟಿ 1000 ಲೀಟರಿನದಾದರೆ ಲೀಟರಿಗೆ 3 ಮಿಲಿಗ್ರಾಂ, ಅದೂ ಒಂದೇ ದಿನಕ್ಕೆ. ನಾಳೆ ಮತ್ತೆ 3, ನಾಡಿದ್ದು ಮತ್ತೆ 3.

ಈ ಅಮೋನಿಯಾಕ್ಕೆ ಎರಡು ರೂಪ. ಒಂದು ಮೀನಿನ ಕಿವಿರನ್ನು ದಾಟಿ ರಕ್ತಕ್ಕೆ ನುಗ್ಗುವ ಬಿಡಿ ಅಮೋನಿಯಾ. ಇನ್ನೊಂದು ಧನ ವಿದ್ಯುದಂಶದ ಹೈಡ್ರೋಜನ್ ಕಣವೊಂದನ್ನು ಅಂಟಿಸಿಕೊಂಡು ಬಾಗಿಲಲ್ಲೇ ತಡೆಯಲ್ಪಡುವ ಕಟ್ಟಿದ ಅಮೋನಿಯಾ. ನೀರು ಎಷ್ಟು ಕ್ಷಾರವಾಗಿದೆ, ಎಷ್ಟು ಬೆಚ್ಚಗಿದೆ ಎನ್ನುವುದರ ಮೇಲೆ ಯಾವುದು ಎಷ್ಟು ಎಂಬುದು ನಿಂತಿದೆ. ನೀರಿನ ಶಾಖ 30 ಡಿಗ್ರಿ, ರಸಸಾರ ಅಂದರೆ ಪಿಎಚ್ 7 ಇದ್ದರೆ, ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ಬಿಡಿಯಾಗಿರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ 7ರ ಮೇಲೆ ಹೋಗುತ್ತದೆ, 9ಕ್ಕೆ ಏರಿದರೆ ಹತ್ತಿರ ಹತ್ತಿರ ಅರ್ಧ. ಬಿಡಿ ಅಮೋನಿಯಾ ಲೀಟರಿಗೆ 0.05 ಮಿಲಿಗ್ರಾಂ ದಾಟಿದರೆ ಕಿವಿರಿಗೆ ಹಾನಿ ಶುರು. ಮೇಲೆ ಹೇಳಿದ 3 ಮಿಲಿಗ್ರಾಂ ಅಮೋನಿಯಾ ಪಿಎಚ್ 7ರಲ್ಲಿ ಈ ಗೆರೆಯ ಅರ್ಧದಷ್ಟಕ್ಕೇ ನಿಲ್ಲುತ್ತದೆ. ಅದೇ ಅಮೋನಿಯಾ ಪಿಎಚ್ 8ರಲ್ಲಿ ಗೆರೆಯ ನಾಲ್ಕು ಪಟ್ಟಾಗುತ್ತದೆ. ನನ್ನ ತೊಟ್ಟಿಯಲ್ಲಿ ಪಿಎಚ್ 8ರ ಮೇಲಿತ್ತು, ನೀರು ಬೆಚ್ಚಗಿತ್ತು, ಅಷ್ಟೂ ದಿನದ ಅಮೋನಿಯಾ ಹಾಗೇ ಕೂಡಿ ಬಿದ್ದಿತ್ತು. ಮರಿಗಳು ಉಳಿಯಲು ದಾರಿಯೇ ಇರಲಿಲ್ಲ.

ಆದರೆ ಕಲ್ಯಾಣಿಯ ಮೀನುಗಳೂ ಅಮೋನಿಯಾ ಬಿಡುತ್ತವೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ?

ಇಪ್ಪತ್ತು ದಿನ ಕಾದ ಇಬ್ಬರು

ಈ ಪ್ರಶ್ನೆಗೆ ಉತ್ತರ ಹೊಳೆದದ್ದು ಮೀನಿನ ತೊಟ್ಟಿಯಲ್ಲಲ್ಲ, ಚರಂಡಿ ನೀರಿನಲ್ಲಿ. ಹಳೆಯ ಕೊಟ್ಟಿಗೆಯ ಗೋಡೆ ಬುಡದಲ್ಲಿ ಬೆಳ್ಳಗೆ ಉಪ್ಪಿನಂತೆ ಅರಳುವ ಪುಡಿಯನ್ನು ನೀವು ನೋಡಿರಬಹುದು. ಅದು ಪೆಟ್ಲುಪ್ಪು. ಮದ್ದುಗುಂಡಿಗೆ ಅದೇ ಬೇಕಾಗಿದ್ದರಿಂದ ರಾಜರು ಅದನ್ನು ಹುಡುಕಿಸಿ ತೆಗೆಸುತ್ತಿದ್ದರು. ದನದ ಗಂಜಲದ ಅಮೋನಿಯಾವೇ ಕಾಲಕ್ರಮದಲ್ಲಿ ಪೆಟ್ಲುಪ್ಪಿನ ಸಾರವಾದ ನೈಟ್ರೇಟ್ ಆಗುತ್ತದೆ ಎಂಬುದು ಗೊತ್ತಿತ್ತು. ಹೇಗೆ ಎಂಬುದಕ್ಕೆ, ಕಬ್ಬಿಣ ಗಾಳಿಗೆ ತುಕ್ಕು ಹಿಡಿದ ಹಾಗೆ ತಾನೇ ಆಗುತ್ತದೆ ಎಂದು ಬಹಳ ಮಂದಿ ನಂಬಿದ್ದರು.

1877ರಲ್ಲಿ ಫ್ರಾನ್ಸಿನ ಥಿಯೊಫಿಲ್ ಶ್ಲೋಸಿಂಗ್ ಮತ್ತು ಅಶಿಲ್ ಮ್ಯೂಂಟ್ಜ್ ಒಂದು ಉದ್ದನೆಯ ಗಾಜಿನ ಕೊಳವೆಗೆ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ ಮೇಲಿನಿಂದ ಚರಂಡಿ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಮೊದಲ 20 ದಿನ ಏನೂ ಆಗಲಿಲ್ಲ. ಅಮೋನಿಯಾ ಹೋದ ಹಾಗೇ ಕೆಳಗೆ ಬಂತು. ಆಮೇಲೆ ಕೆಳಗೆ ನೈಟ್ರೇಟ್ ಕಾಣಿಸಿಕೊಂಡಿತು, ಹೆಚ್ಚುತ್ತ ಹೋಯಿತು, ಕೊನೆಗೆ ಅಮೋನಿಯಾ ಇಲ್ಲವಾಯಿತು.

ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ 20 ದಿನಗಳ ಮೌನ. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಶುರುವಾಗಬೇಕಿತ್ತು. ತಡವಾದದ್ದರಿಂದಲೇ ಅಲ್ಲಿ ಏನೋ ಹುಟ್ಟಿ ಬೆಳೆಯುತ್ತಿದೆ ಎಂಬ ಅನುಮಾನ ಬಂತು. ಇಬ್ಬರೂ ಕೊಳವೆಗೆ ಕ್ಲೋರೋಫಾರ್ಮಿನ ಆವಿ ಬಿಟ್ಟರು, ಕೆಲಸ ನಿಂತಿತು. ಆವಿ ಹೋದ ಮೇಲೂ ಶುರುವಾಗಲಿಲ್ಲ. ತೋಟದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹಾಕಿದರು, ಮತ್ತೆ ಶುರುವಾಯಿತು. ಹೆಪ್ಪು ಹಾಕುವುದೆಂದರೆ ಇದೇ.

ಆ ಜೀವಿಗಳನ್ನು ಹಿಡಿದು ತೋರಿಸಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ಸಂಶೋಧಕರು ರೂಢಿಯಂತೆ ಪೌಷ್ಟಿಕ ಆಹಾರ ಹಾಕಿ ಬೆಳೆಸಲು ನೋಡಿದರು, ಅವು ಬೆಳೆಯಲೇ ಇಲ್ಲ. 1890ರ ಹೊತ್ತಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಆಹಾರವನ್ನೆಲ್ಲ ತೆಗೆದು ಬರಿಯ ಅಮೋನಿಯಾ ಉಪ್ಪು, ಖನಿಜ, ನೀರು ಕೊಟ್ಟರು. ಅವು ಚಿಗುರಿದವು. ಅವುಗಳಿಗೆ ಬೇಕಾಗಿದ್ದದ್ದು ಅಷ್ಟೇ: ಅಮೋನಿಯಾ, ಗಾಳಿಯ ಆಮ್ಲಜನಕ, ಮೈ ಕಟ್ಟಿಕೊಳ್ಳಲು ಇಂಗಾಲದ ಡೈಆಕ್ಸೈಡ್.

ಮೊಸರಿಗೆ ಒಂದು ರಾತ್ರಿ, ನೀರಿಗೆ ಒಂದು ತಿಂಗಳು

ಈ ಕೆಲಸ ಎರಡು ಹಂತದ್ದು. ಮೊದಲ ಪಂಗಡದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಎರಡನೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ಮೀನಿಗೆ ವಿಷವೇ. ರಕ್ತಕ್ಕೆ ಸೇರಿ ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಹಾಗಾದ ರಕ್ತ ಆಮ್ಲಜನಕ ಹೊರಲಾರದು, ಗಾಳಿ ತುಂಬಿದ ನೀರಿನಲ್ಲೇ ಮೀನು ಉಸಿರುಗಟ್ಟುತ್ತದೆ. ನೈಟ್ರೇಟ್ ಮಾತ್ರ ಮೀನಿಗೆ ಬಹುಮಟ್ಟಿಗೆ ನಿರಪಾಯಕಾರಿ, ಬಸಳೆಗೆ ಮೃಷ್ಟಾನ್ನ.

ಈ ಎರಡು ಹಂತವನ್ನೂ ಒಂದೇ ಜೀವಿ ಮಾಡಲಾರದು ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳು ಹೇಳಿದವು. 2015ರಲ್ಲಿ ಎರಡು ತಂಡಗಳು ಆ ಮಾತನ್ನು ಸುಳ್ಳು ಮಾಡಿದವು. ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾದಿಂದ ನೈಟ್ರೇಟಿನವರೆಗಿನ ಇಡೀ ದಾರಿಯನ್ನು ಒಂಟಿಯಾಗಿಯೇ ನಡೆಯುತ್ತವೆ. ನೆದರ್ಲೆಂಡ್ಸಿನ ತಂಡಕ್ಕೆ ಅವು ಸಿಕ್ಕಿದ್ದು ಎಲ್ಲಿ ಗೊತ್ತೇ? ಮೀನು ಸಾಕುವ ತೊಟ್ಟಿಯ ನೀರು ಸೋಸುವ ಫಿಲ್ಟರಿನಲ್ಲಿ. ನಮ್ಮ ಹಿತ್ತಿಲ ಜಲ್ಲಿಯಂಥದೇ ಜಾಗ.

ಈಗ ಮೂಲ ವಿಷಯಕ್ಕೆ ಬರೋಣ. ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ಏಕೆಂದರೆ ಮೊಸರಿನ ಬ್ಯಾಕ್ಟೀರಿಯಾಕ್ಕೆ ಹಾಲೆಂದರೆ ಹಬ್ಬದೂಟ, ಬೆಚ್ಚಗಿದ್ದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಅವುಗಳ ಸಂಖ್ಯೆ ಇಮ್ಮಡಿ. ಅಮೋನಿಯಾ ಉಣ್ಣುವವುಗಳ ಬಾಳು ಅಂಥದಲ್ಲ. ಅಮೋನಿಯಾವನ್ನು ಸುಟ್ಟರೆ ಸಿಗುವ ಶಕ್ತಿ ತೀರ ಕಡಿಮೆ. ಆ ಚೂರು ಶಕ್ತಿಯಲ್ಲೇ ಅವು ಇಂಗಾಲದ ಡೈಆಕ್ಸೈಡಿನಿಂದ ತಮ್ಮ ಮೈಯ ಪ್ರತಿ ಕಣವನ್ನೂ ಕಟ್ಟಿಕೊಳ್ಳಬೇಕು. ದಿನಗೂಲಿಯಲ್ಲಿ ಹೊಟ್ಟೆ ಹೊರೆಯುತ್ತ, ಉಳಿದ ಪುಡಿಗಾಸಿನಲ್ಲಿ ಇಟ್ಟಿಗೆಯನ್ನೂ ತಾನೇ ಸುಟ್ಟು ಮನೆ ಕಟ್ಟುವ ಸಂಸಾರದಂತೆ. ಹಾಗಾಗಿ ಅವು ಇಮ್ಮಡಿಯಾಗಲು ಅನುಕೂಲ ಇದ್ದಾಗಲೂ ಹೆಚ್ಚುಕಡಿಮೆ ಒಂದು ದಿನ ಬೇಕು.

ಇಪ್ಪತ್ತು ಸಲ ಇಮ್ಮಡಿಯಾದರೆ ಒಂದು ಹತ್ತು ಲಕ್ಷವಾಗುತ್ತದೆ. ಮೊಸರಿನವುಗಳಿಗೆ ಅದು ಒಂದು ರಾತ್ರಿಯ ಕೆಲಸ. ಅಮೋನಿಯಾದವುಗಳಿಗೆ ಇಪ್ಪತ್ತು ದಿನ. ಶ್ಲೋಸಿಂಗ್ ಮತ್ತು ಮ್ಯೂಂಟ್ಜರ ಕೊಳವೆಯಲ್ಲಿ ನಡೆಯುತ್ತಿದ್ದದ್ದು ಈ ನಿಧಾನದ ಗುಣಾಕಾರ. ಎರಡನೆಯ ಪಂಗಡದ ಸರದಿ ಇನ್ನೂ ತಡ, ಮೊದಲಿನವರು ನೈಟ್ರೈಟ್ ಮಾಡಿ ಬಡಿಸುವವರೆಗೆ ಇವರಿಗೆ ಊಟವೇ ಇಲ್ಲ. ಎರಡೂ ಕೂಡಿ ನೀರು ಹದವಾಗಲು ನಾಲ್ಕರಿಂದ ಆರು ವಾರ.

ಒಗಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಕಸ ಮಾಡುವವರು ಮೊದಲ ದಿನವೇ ಬಂದು ಕೂರುತ್ತಾರೆ, ಕಸ ತೆಗೆಯುವವರು ಒಂದು ತಿಂಗಳ ಮೇಲೆ ಬರುತ್ತಾರೆ. ಕಲ್ಯಾಣಿಯಲ್ಲಿ ಅವರು ಯಾವಾಗಿನಿಂದಲೋ ನೆಲೆಸಿದ್ದಾರೆ.

ಜಲ್ಲಿಯ ಮೇಲಿನ ಕೇರಿ

ಅವರು ನೆಲೆಸಿರುವುದು ನೀರಿನಲ್ಲಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಲೋಳೆ ಇದೆಯಲ್ಲ, ಅವರ ಮನೆ ಅಂಥ ಲೋಳೆಪದರ. ಈ ಬ್ಯಾಕ್ಟೀರಿಯಾಗಳು ಯಾವುದಾದರೂ ಗಟ್ಟಿ ಮೈಗೆ ಅಂಟಿಕೊಂಡು ಬಾಳುವುದೇ ಹೆಚ್ಚು. ಹಾಗಾಗಿ ಎಷ್ಟು ಮೈ ಕೊಡುತ್ತೀರೋ ಅಷ್ಟು ಕೆಲಸಗಾರರು. ಇದಕ್ಕೇ ಜಲ್ಲಿ. 20 ಎಂಎಂ ಗಾತ್ರದ ಜಲ್ಲಿ ಒಂದು ಘನ ಮೀಟರ್ ತುಂಬಿದರೆ, ಎಲ್ಲ ಕಲ್ಲುಗಳ ಹೊರಮೈ ಸೇರಿ ಸುಮಾರು 180 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ 30×40 ಅಡಿ ಸೈಟಿನ ಒಂದೂವರೆ ಪಟ್ಟು ಜಾಗ, ಒಂದು ಮೀಟರ್ ಉದ್ದಗಲದ ಪೆಟ್ಟಿಗೆಯಲ್ಲಿ!

ತೊಟ್ಟಿ ಕೊಳಕಾಯಿತೆಂದು ಜಲ್ಲಿ, ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ತೊಳೆದ ಮರುವಾರ ಮೀನು ಸಾಯುವುದಕ್ಕೂ ಇದೇ ಕಾರಣ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಒಳ್ಳೆಯದು ಕೆಟ್ಟದು ಎಂಬ ಭೇದ ಅದಕ್ಕಿಲ್ಲ. ತೊಳೆಯಲೇಬೇಕಾದರೆ ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಅದರಲ್ಲಿ ಅಲುಬಿ ತೆಗೆಯಿರಿ.

ಮೈಯ ಜೊತೆಗೆ ಗಾಳಿ ಬೇಕು. ಈ ಲೆಕ್ಕ ನನ್ನನ್ನು ಬೆರಗುಗೊಳಿಸಿತು, ನಿಮಗೂ ಹೇಳಬೇಕು. 35 ಡಿಗ್ರಿ ಶಾಖದ ನೀರು ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಮಾತ್ರ ಹಿಡಿದುಕೊಳ್ಳಬಲ್ಲದು. ಅಂದರೆ 1000 ಲೀಟರ್ ತೊಟ್ಟಿಯಲ್ಲಿ ಒಟ್ಟು 7 ಗ್ರಾಂ. 100 ಗ್ರಾಂ ತಿಂಡಿಯ ಅಮೋನಿಯಾವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೇ ಸುಮಾರು 11 ಗ್ರಾಂ ಬೇಕು. ಮೀನುಗಳ ಪಾಲು ಅದಕ್ಕಿಂತ ಹೆಚ್ಚು. ತೊಟ್ಟಿಯಲ್ಲಿರುವ ಉಸಿರೆಲ್ಲ ದಿನಕ್ಕೆ ಹಲವು ಸಲ ಖಾಲಿಯಾಗಿ ಹಲವು ಸಲ ತುಂಬಬೇಕು. ಅದಕ್ಕೇ ಗಾಳಿ ಪಂಪು ಹಗಲಿರುಳು ಓಡಬೇಕು, ಕರೆಂಟು ಹೋದರೆ ಓಡಿಸಲು ಬ್ಯಾಟರಿಯೂ ಇರಬೇಕು.

ಜಲ್ಲಿಯ ಮಡಿಗೆ ಗಾಳಿ ಕೊಡುವ ಉಪಾಯ ಇನ್ನೂ ಸೊಗಸು. ವಸುದೇವನ ಬಟ್ಟಲು ಎಂಬ ಹಳೆಯ ಆಟಿಕೆಯೊಂದಿದೆ. ಬಟ್ಟಲಲ್ಲಿ ಮಗು ಕೃಷ್ಣನನ್ನು ಹೊತ್ತ ವಸುದೇವನ ಗೊಂಬೆ. ನೀರು ಹೊಯ್ಯುತ್ತ ಹೋದರೆ ಅದು ಏರಿ ಕೃಷ್ಣನ ಪಾದ ಮುಟ್ಟಿದ್ದೇ ತಡ, ಬಟ್ಟಲ ನೀರೆಲ್ಲ ತಾನಾಗಿ ಕೆಳಗಿಳಿದು ಹೋಗುತ್ತದೆ. ಗೊಂಬೆಯೊಳಗೆ ಬಾಗಿದ ಕೊಳವೆ ಇರುತ್ತದೆ. ಆ ಬಾಗನ್ನು ನೀರು ತುಂಬಿಕೊಂಡ ಮೇಲೆ ಹೀರುವಿಕೆ ಹತ್ತಿ ಕೊನೆಯವರೆಗೂ ಸೆಳೆಯುತ್ತದೆ. ಮೀನುನೀರಿನ ಬೇಸಾಯದವರು ಮಡಿಯ ನಡುವೆ ನಿಲ್ಲಿಸುವ ಬೆಲ್ ಸೈಫನ್ ನಡೆಯುವುದೂ ಇದೇ ತತ್ತ್ವದ ಮೇಲೆ. ಪಂಪು ಮಡಿಯನ್ನು ತುಂಬಿಸುತ್ತದೆ, ಮಟ್ಟ ಮುಟ್ಟಿದಾಗ ಸೈಫನ್ ಖಾಲಿ ಮಾಡುತ್ತದೆ, ಇಳಿಯುವ ನೀರಿನ ಹಿಂದೆಯೇ ಹೊಸ ಗಾಳಿ ಜಲ್ಲಿಯ ಸಂದುಸಂದಿಗೂ ನುಗ್ಗುತ್ತದೆ. ಮಡಿ ಉಸಿರಾಡುತ್ತದೆ.

ಸಿಗಡಿಯಿಂದ ಶುರು

ಎರಡನೆಯ ಸಲ ನಾನು ಮೀನು ತರಲಿಲ್ಲ. ಅಕ್ಟೋಬರ್ ಮೊದಲ ವಾರ ಮಾರುಕಟ್ಟೆಯಿಂದ ಒಂದಿಷ್ಟು ಸಿಗಡಿ ತಂದು, ಎರಡನ್ನು ಬಲೆಚೀಲಕ್ಕೆ ಹಾಕಿ ತೊಟ್ಟಿಯಲ್ಲಿ ಇಳಿಬಿಟ್ಟೆ. ಅದು ಕೊಳೆತು ಅಮೋನಿಯಾ ಕೊಡುತ್ತದೆ. ಮೀನಿಲ್ಲದ ಕಾರಣ ಸಾಯುವ ಜೀವ ಯಾವುದೂ ಇಲ್ಲ. ಅಮೋನಿಯಂ ಕ್ಲೋರೈಡ್ ಪುಡಿ ಸಿಕ್ಕರೆ ಅದು ಇನ್ನೂ ಶುಚಿ, ಅಳತೆ ಖಚಿತ. ನೆಲ ಒರೆಸುವ ಅಮೋನಿಯಾ ಬೇಡ, ಅದರಲ್ಲಿ ಸಾಬೂನು, ಸುಗಂಧ ಸೇರಿರುತ್ತವೆ.

ಹೆಪ್ಪಿಗೆ, ಹಲವು ವರ್ಷಗಳಿಂದ ಅಕ್ವೇರಿಯಂ ಇಟ್ಟುಕೊಂಡಿದ್ದ ಪರಿಚಯದ ಮನೆಗೆ ಹೋಗಿ ಅವರ ಫಿಲ್ಟರಿನ ಸ್ಪಂಜನ್ನು ನಮ್ಮ ಬಕೆಟ್ಟಿನಲ್ಲಿ ಹಿಂಡಿಸಿಕೊಂಡು ಬಂದೆ. ಕಂದು ಬಣ್ಣದ ಕೆಸರು ನೀರು. ಆ ಮನೆಯ ಅಕ್ಕ, "ಈ ಕೊಳಕು ನೀರು ಯಾಕೆ ನಿಮಗೆ?" ಎಂದು ಕೇಳಿದರು. ಹೆಪ್ಪು ಎಂದೆ. ಅವರಿಗೆ ಅಷ್ಟರಲ್ಲೇ ಅರ್ಥವಾಯಿತು.

ಇಲ್ಲಿಂದ ಮುಂದಿನದು ಕಾಯುವ ಕೆಲಸ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆ ಕಿಟ್ ಅದಕ್ಕೆ ಕಣ್ಣು. ಇದಿಲ್ಲದೆ ಶುರುಮಾಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ. ಅಮೋನಿಯಾ ಏರಿತು, ಲೀಟರಿಗೆ 4 ಮಿಲಿಗ್ರಾಂ ತಲುಪಿದಾಗ ಸಿಗಡಿ ತೆಗೆದೆ. ಎರಡನೆಯ ವಾರದ ಕೊನೆಗೆ ಅದು ಇಳಿಯತೊಡಗಿತು, ನೈಟ್ರೈಟಿನ ನೇರಳೆ ಬಣ್ಣ ಕಾಣಿಸಿಕೊಂಡಿತು. ನಡುನಡುವೆ ಚಿಟಿಕೆ ಚಿಟಿಕೆ ಮೀನಿನ ತಿಂಡಿ ಹಾಕಿ ಅಮೋನಿಯಾದ ಊಟ ತಪ್ಪದಂತೆ ನೋಡಿಕೊಂಡೆ. ನೇರಳೆ ದಿನದಿನಕ್ಕೆ ಗಾಢವಾಗಿ, ಇನ್ನು ಇಳಿಯುವುದೇ ಇಲ್ಲವೇನೋ ಅನ್ನಿಸಿತು. ಆಮೇಲೆ ಮೂರೇ ದಿನದಲ್ಲಿ ತಿಳಿಯಾಯಿತು. ಇಮ್ಮಡಿಯಾಗುತ್ತ ಹೋಗುವವುಗಳ ಕೆಲಸ ಹೀಗೇ: ಬಹಳ ಕಾಲ ಏನೂ ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಎಲ್ಲ. 33ನೆಯ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟಿನ ಬಣ್ಣ ಕೆಂಪು. ಪರೀಕ್ಷೆಗೆಂದು ಮತ್ತೊಮ್ಮೆ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿದೆ. ಮರುದಿನಕ್ಕೆ ಎರಡೂ ಸೊನ್ನೆಗೆ ಬಂದವು. ಅವತ್ತು ಮೀನು ತರಲು ಹೊರಟೆ.

ಸಸಿಗಳನ್ನು ಮೊದಲ ದಿನವೇ ನೆಟ್ಟರೂ ಅಡ್ಡಿಯಿಲ್ಲ. ಗಿಡಗಳು ಅಮೋನಿಯಾವನ್ನೂ ಒಂದಿಷ್ಟು ಉಣ್ಣುತ್ತವೆ. ಹರಿವೆ, ಪುದೀನ, ಪಕ್ಕದ ಮನೆಯ ಕುಂಡದಿಂದ ಮುರಿದು ತಂದ ಬಸಳೆ ಬಳ್ಳಿ, ಇವೇ ನನ್ನ ಮೊದಲ ಬೆಳೆ. ಸೊಪ್ಪಿನ ಮಡಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ತಿಂಡಿ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಕೊಟ್ಟ ಅಂದಾಜು. ಎಷ್ಟು ಮೀನು ಎಂದು ಎಣಿಸುವ ಬದಲು ಎಷ್ಟು ತಿಂಡಿ ಎಂದು ತೂಗುವುದೇ ಸರಿಯಾದ ಕ್ರಮ. ಕೀಟನಾಶಕ ಬೇಡ, ಬೇವಿನೆಣ್ಣೆಯೂ ಬೇಡ, ಅದು ಮೀನಿಗೆ ಹೋಗುತ್ತದೆ. ತಾಮ್ರ ಹಿತ್ತಾಳೆಯ ಕೊಳವೆ, ತಿರುಗಣೆಗಳನ್ನೂ ದೂರ ಇಡಿ. ಚಿಗುರೆಲೆ ಹಳದಿಯಾದರೆ ಕಬ್ಬಿಣ ಸಾಲದು ಎಂದರ್ಥ, ನೀರಿನಲ್ಲಿ ಕರಗುವ ಕೀಲೇಟೆಡ್ ಕಬ್ಬಿಣ ಹಾಕಬೇಕು.

ತಿಲಾಪಿಯಾ ಗಟ್ಟಿಗ ಮೀನು, ಅದಕ್ಕೇ ಎಲ್ಲರೂ ಅದನ್ನೇ ಸಾಕುತ್ತಾರೆ. ಆದರೆ ಆ ಗಟ್ಟಿತನವೇ ಅದರ ಅಪಾಯ. ಭಾರತಕ್ಕೆ 1952ರಲ್ಲಿ ತಂದ ಮೊಜಾಂಬಿಕ್ ತಿಲಾಪಿಯಾ ನಮ್ಮ ಕೆರೆ, ಹೊಳೆಗಳಲ್ಲಿ ಹರಡಿ ನಾಡಮೀನುಗಳ ಜಾಗ ಕಿತ್ತುಕೊಂಡಿತು. ಒಮಾನಿನ ಬೆಟ್ಟಗಳ ವಾದಿ ಎಂಬ ಹೊಳೆಕಣಿವೆಗಳಲ್ಲಿ, ಫಲಜ್ ಎಂಬ ಪುರಾತನ ನೀರಾವರಿ ಕಾಲುವೆಗಳಲ್ಲಿ ಗಾರಾ ಎಂಬ ಬೆರಳುದ್ದದ ಮೀನು ಬಾಳುತ್ತಿದೆ. ಅದಕ್ಕೆ ಹೋಗಲು ಬೇರೆ ನೆಲೆಯಿಲ್ಲ. ಹೆಚ್ಚಾದ ತಿಲಾಪಿಯಾವನ್ನು ತಿನ್ನಿ, ಹಂಚಿ. ವಾದಿಗೆ ಮಾತ್ರ ಬಿಡಬೇಡಿ. ಸಾಕುವ ಮುನ್ನ ಕೃಷಿ, ಮೀನುಗಾರಿಕೆ ಮತ್ತು ಜಲಸಂಪನ್ಮೂಲ ಸಚಿವಾಲಯದ ಕಚೇರಿಯಲ್ಲಿ ನಿಯಮ ಕೇಳಿ ತಿಳಿದುಕೊಳ್ಳಿ.

ಕಪ್ಪೆಚಿಪ್ಪಿನ ಕೆಲಸ

ಶ್ಲೋಸಿಂಗರ ಕೊಳವೆಯಲ್ಲಿ ಮರಳಿನ ಜೊತೆ ಸುಣ್ಣಕಲ್ಲಿನ ಪುಡಿ ಇತ್ತು ಎಂದೆನಲ್ಲ, ಅದು ಅಲ್ಲಿ ಸುಮ್ಮನೆ ಇರಲಿಲ್ಲ. ಅಮೋನಿಯಾ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ಹದವಾಗುವಾಗ 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವನ್ನು ತಿಂದುಬಿಡುತ್ತದೆ. ಸಮುದ್ರದಿಂದ ಸಿಹಿ ಮಾಡಿದ ನೀರಿನಲ್ಲಿ ಖನಿಜ ಹೆಚ್ಚಿರುವುದಿಲ್ಲ. ಹಾಗಾಗಿ ಮೊದಲು 8ರ ಮೇಲಿದ್ದ ಪಿಎಚ್ ಕೆಲವು ತಿಂಗಳಲ್ಲಿ 7 ದಾಟಿ ಕೆಳಗಿಳಿಯುತ್ತದೆ. 6ರ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುವ ಹಂತಕ್ಕೆ ಬರುತ್ತದೆ. ಹಳೆಯ, ಪಳಗಿದ ತೊಟ್ಟಿಗಳು ಒಮ್ಮೆಲೇ ಕೆಡುವುದು ಹೆಚ್ಚಾಗಿ ಇದರಿಂದಲೇ.

ಅದಕ್ಕೆ ಮದ್ದು ಸಮುದ್ರ ದಂಡೆಯಲ್ಲೇ ಬಿದ್ದಿದೆ. ಕಪ್ಪೆಚಿಪ್ಪನ್ನು ತೊಳೆದು, ಜಜ್ಜಿ, ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವ ಕಡೆ ಇಟ್ಟರೆ ಹುಳಿ ಹೆಚ್ಚಿದಷ್ಟು ಚಿಪ್ಪು ಕರಗುತ್ತದೆ, ಹುಳಿ ಇಳಿದಾಗ ಕರಗುವುದು ತಾನಾಗಿ ನಿಧಾನವಾಗುತ್ತದೆ. ಆದರೆ ಇದೇ ಚಿಪ್ಪು ಮೊದಲ ತಿಂಗಳು ತೊಟ್ಟಿಯಲ್ಲಿದ್ದರೆ ಪಿಎಚ್ ಮೇಲೇ ನಿಂತು ಅಮೋನಿಯಾವನ್ನು ವಿಷ ಮಾಡುತ್ತದೆ. ಜಲ್ಲಿಯೂ ಅಷ್ಟೆ. ವಾದಿಯ ಕಲ್ಲುಗಳಲ್ಲಿ ಸುಣ್ಣಕಲ್ಲು ಬೆರೆತಿರುವುದುಂಟು. ಹಿಡಿ ಕಲ್ಲಿನ ಮೇಲೆ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಅದು ಮಡಿಗೆ ಬೇಡ.

ಮತ್ರಾದ ಬೇಸಗೆ

ಎರಡನೆಯ ಸಲ ಶುರುಮಾಡಲು ಅಕ್ಟೋಬರ್ ಏಕೆ ಎಂದು ಕೇಳಬಹುದು. ಮಸ್ಕತ್ ಪ್ರಾಂತ್ಯದ ಖುರಿಯಾತ್ ಎಂಬ ಕಡಲೂರಿನಲ್ಲಿ 2018ರ ಜೂನ್ 26ರಂದು ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು. ರಾತ್ರಿಯೂ ಅದಕ್ಕಿಂತ ತಣ್ಣಗಾಗಲಿಲ್ಲ. ಮತ್ರಾದ ಗುಡ್ಡಗಳೂ ಹಗಲೆಲ್ಲ ಕಾದು ಇರುಳಲ್ಲಿ ಶಾಖ ಕಕ್ಕುತ್ತವೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ವಿಷದ ಪಾಲು ಹೆಚ್ಚು, ಮೀನಿನ ಹಸಿವು ಹೆಚ್ಚು: ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಅಮೋನಿಯಾ ಉಣ್ಣುವವುಗಳಿಗೆ ಹಿತವಾದದ್ದು 25ರಿಂದ 30 ಡಿಗ್ರಿ, ಮಸ್ಕತ್ತಿನ ಅಕ್ಟೋಬರ್ ನವೆಂಬರ್ ನೀರಿನ ಶಾಖವೂ ಹೆಚ್ಚುಕಡಿಮೆ ಅಷ್ಟೆ. ಏಪ್ರಿಲ್ ಹೊತ್ತಿಗೆ ತೊಟ್ಟಿಯನ್ನು ಅರ್ಧ ನೆಲದೊಳಗೆ ಹುಗಿದೋ ದಪ್ಪ ಥರ್ಮೋಕೋಲ್ ಸುತ್ತಿಯೋ ಕಾಪಾಡಿ, ಮೇಲೆ ನೆರಳು ಬಲೆ ಕಟ್ಟಿ, ಕಡುಬೇಸಗೆಯಲ್ಲಿ ತಿಂಡಿ ಅರ್ಧಕ್ಕಿಳಿಸಿ. ಬಸಳೆಗೆ ಬಿಸಿಲು ಹಿಡಿಸುತ್ತದೆ. ಪಾಲಕ್, ಕೊತ್ತಂಬರಿ ಚಳಿಗಾಲದ ಬೆಳೆ, ಬೇಸಗೆಯಲ್ಲಿ ಅವನ್ನು ಹಟ ಹಿಡಿದು ಬೆಳೆಯುವುದು ವ್ಯರ್ಥ.

ನಿಮ್ಮ ನೀರು ಹದವಾಗಿ ಒಂದು ವರ್ಷ ಕಳೆದ ಮೇಲೆ ಹೊಸದಾಗಿ ಶುರುಮಾಡುವವರು ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ಮೀನು ಕೊಡಬೇಡಿ, ಮಡಿಯಿಂದ ಎರಡು ಬೊಗಸೆ ಜಲ್ಲಿ ಕೊಡಿ. ತೊಳೆಯದೆ, ನಿಮ್ಮ ತೊಟ್ಟಿಯದೇ ನೀರಿನಲ್ಲಿ ಒದ್ದೆಯಾಗಿಟ್ಟು ಕೊಡಿ. ಬಿಸಿಲಿಗೆ ಒಣಗಲು ಬಿಡದೆ ಅದೇ ದಿನ ಅವರ ಮಡಿಗೆ ಸುರಿಯಲಿ.